ಧ್ರುವೀಕೃತವಾದ ಬೆಳಕೂ ಸಾವಯವ ಕೋಶಗಳೂ

ಬೆಳಕಿನ ಅಲೆಯು ತಾನು ಸಾಗುವ ದಾರಿಗೆ ಅಡ್ಡಲಾಗಿ ಕಂಪಿಸುವುದು. ಸೂರ್ಯನಿಂದ ನೇರವಾಗಿ ಬರುವ ಬೆಳಕಿನಲ್ಲಿ ಈ ಕಂಪನಕ್ಕೆ ಗೊತ್ತಾದ ದಿಕ್ಕಿಲ್ಲ. ಗಾಳಿಯ ಕಣಗಳಿಂದ ಚದರಿ ಬಂದ ಬೆಳಕಿನಲ್ಲಾದರೋ ಒಂದು ದಿಕ್ಕು ಪ್ರಬಲವಾಗಿರುವುದು. ಬೀದರ ಸೀಮೆಯ ಡಾಬಕಾ ಗ್ರಾಮದಲ್ಲಿ, ಮೋಡವಿಲ್ಲದ ಸಂಜೆ ಹೊತ್ತು ಮುಳುಗುವಾಗ, ನೆತ್ತಿಯ ಮೇಲಣ ಬಾನಿನ ಬೆಳಕು ಹೆಚ್ಚಾಗಿ ಉತ್ತರದಕ್ಷಿಣವಾಗಿ ಕಂಪಿಸುತ್ತಿರುವುದು. ನಮ್ಮ ಕಣ್ಣಿಗೆ ಇದು ಬಹುಮಟ್ಟಿಗೆ ಅಗೋಚರ. ಜೇನುನೊಣವು ಇದನ್ನು ಕಂಡೇ ದಾರಿಯನ್ನರಿಯುವುದು.

ಇದಕ್ಕೆ ಧ್ರುವೀಕರಣವೆಂದು ಹೆಸರು. ಫ್ರಾನ್ಸಿನ ಮಾಲ್ಯೂಸನು ಅಯಸ್ಕಾಂತಕ್ಕಿರುವಂತೆ ಬೆಳಕಿನ ಕಣಗಳಿಗೂ ಧ್ರುವಗಳುಂಟೆಂದು ಭಾವಿಸಿ ೧೮೧೧ರಲ್ಲಿ ಮೂಲಪದವನ್ನು ರೂಪಿಸಿದನು. ಊಹೆ ಬಿದ್ದುಹೋಯಿತು, ಪದ ಉಳಿಯಿತು. ಕನ್ನಡದ ಪದಕ್ಕಾದರೋ ಈ ದೋಷ ತಗಲದು. ಧ್ರುವವೆಂದರೆ ನಿಶ್ಚಲವಾದುದು, ಅಪಾದಾನಲಕ್ಷಣದಲ್ಲಿ ಪಾಣಿನಿಯು ಈ ಶಬ್ದವನ್ನು ನೆಲೆನಿಂತುದೆಂಬ ಅರ್ಥದಲ್ಲಿಯೇ ಪ್ರಯೋಗಿಸಿರುವನು. ಅಲೆದಾಡುತ್ತಿದ್ದ ಕಂಪನದ ದಿಕ್ಕು ನೆಲೆಗೊಳ್ಳುವುದೇ ಧ್ರುವೀಕರಣವೆಂದರೆ ಭಾಷಾಂತರವು ಮೂಲಕ್ಕಿಂತ ದಿಟವಾಗಿದೆ.

ಇದನ್ನಳೆಯುವುದು ಹೇಗೆ? ಬೆಳಕನ್ನು ವಿದ್ಯುತ್ತಾಗಿಸುವ ಸಾಮಾನ್ಯ ಸಿಲಿಕಾನ್ ಕೋಶಕ್ಕೆ, ನೇರವಾಗಿ ಬಿದ್ದ ಬೆಳಕಿನ ಎಲ್ಲ ದಿಕ್ಕುಗಳೂ ಒಂದೇ. ಆದುದರಿಂದ ಅದರ ಮುಂದೆ ಒಂದೇ ದಿಕ್ಕನ್ನು ಬಿಡುವ ಶೋಧಕವನ್ನಿಟ್ಟು ತಿರುಗಿಸುತ್ತ ಅಳೆಯಬೇಕು. ಅಷ್ಟರಲ್ಲಿ ವಸ್ತುವು ಕದಲಿದರೆ ಲೆಕ್ಕ ಕೆಡುವುದು. ಇಂಗಾಲದ ಸಂಯುಕ್ತಗಳಿಂದಾದ ಕೋಶಗಳ ಗುಣವೇ ಬೇರೆ. (ಇವನ್ನು ಸಾವಯವವೆನ್ನುವ ರೂಢಿಯು, ಅವಯವಗಳಿಂದ ಕೂಡಿದುದೆಂಬ ನೈಯಾಯಿಕರ ಅರ್ಥವನ್ನೇ ಬಲ್ಲವರಿಗೆ ತುಸು ತೊಡಕು.) ಇವುಗಳಲ್ಲಿನ ಪಾಲಿಮರಿನ ಅಣುಗಳು ನೀಳವಾದ ಎಳೆಗಳು. ಪೊರೆಯನ್ನು ಹಿಡಿದು ಜಗ್ಗಿದರೆ, ಹಿಂಜಿದ ಅರಳೆಯ ಎಳೆಗಳಂತೆ, ಅವು ಒಂದೇ ಕಡೆಗೆ ಸಾಲುಗೊಂಡು, ತಮ್ಮ ಉದ್ದಕ್ಕೆ ಕಂಪಿಸುವ ಬೆಳಕನ್ನು ಹೆಚ್ಚಾಗಿ ಹೀರುವುವು, ಉಳಿದುದು ಪಾರಾಗುವುದು. ಹೀಗೆ ಬೇರೆ ಬೇರೆ ದಿಕ್ಕಿಗೆ ಜಗ್ಗಿದ ಅರೆಪಾರದರ್ಶಕ ಕೋಶಗಳನ್ನು ಒಂದರ ಹಿಂದೊಂದು ಜೋಡಿಸಿದರೆ ಒಂದೇ ಕಿರಣವನ್ನು ಒಂದೇ ಕ್ಷಣದಲ್ಲಿ ಎಲ್ಲವೂ ಅಳೆಯುವುವು. ಅಮೆರಿಕದ ಉತ್ತರ ಕ್ಯಾರೊಲಿನಾ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ಮಾಪಕವನ್ನು ೨೦೧೬ರಲ್ಲಿ ಪ್ರಕಟಿಸಿದರು.

ದಿಕ್ಕನ್ನಾಯ್ದು ಹೀರುವ ಈ ಗುಣವು ಕೆಲವು ಹರಳುಗಳಲ್ಲಿ ಸಹಜವಾಗಿಯೇ ಇರುವುದು. ಅಂಥ ಹರಳುಗಳಲ್ಲಿ ಬೆಳಕಿನ ಗತಿಯನ್ನು ಬೆಂಗಳೂರಿನ ರಾಮನ್ ಸಂಶೋಧನಾಲಯದಲ್ಲಿ ಎಸ್. ಪಂಚರತ್ನಂ ಅವರು ೧೯೫೫ರ ಸುಮಾರಿಗೆ ವಿವೇಚಿಸಿದರು. ೧೯೫೬ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ, ಅವರು ಪ್ರಕಟಿಸಿದ ಧ್ರುವೀಕೃತ ಕಿರಣಗಳ ವ್ಯತಿಕರಣಸಿದ್ಧಾಂತದ ಬೆಲೆಯನ್ನು ಲೋಕವು ಗುರುತಿಸಿದುದು ೧೯೬೯ರಲ್ಲಿ ಅವರು ತೀರಿಕೊಂಡ ಬಹುಕಾಲದ ಮೇಲೆ.

ಹೊಸ ಮಾಪಕದಲ್ಲಿಯೂ ತೊಡಕುಗಳುಂಟು. ಎಳೆಗಳು ಪೂರ್ಣವಾಗಿ ಸಾಲುಗೊಳ್ಳವು. ಪ್ರತಿಯೊಂದು ಪೊರೆಯೂ ತನ್ನದಲ್ಲದ ಬೆಳಕನ್ನೂ ಸ್ವಲ್ಪ ನುಂಗುವುದು. ಎರಡನೆಯ ಕೋಶಕ್ಕೆ ಮುಟ್ಟುವುದು ಮೊದಲನೆಯದು ಉಳಿಸಿದಷ್ಟೇ. ಆದುದರಿಂದ ಗೊತ್ತಿರುವ ಬೆಳಕನ್ನು ಮೊದಲು ಹಾಯಿಸಿ, ಯಾವ ಪೊರೆ ಎಷ್ಟನ್ನು ಹೀರುವುದೆಂದು ಗುರುತುಮಾಡಿಕೊಂಡ ಬಳಿಕವೇ ಗೊತ್ತಿಲ್ಲದ ಬೆಳಕನ್ನು ಅಳೆಯತಕ್ಕದ್ದು.