ಹಳೆಯ ಪತ್ರಗಳ ಸಂಕ್ಷೇಪಾಕ್ಷರಗಳು ಮತ್ತು ವಂಶಾವಳಿ

ಮನೆತನದ ಇತಿಹಾಸವನ್ನು ಅರಸುವವರಿಗೆ ಕ್ರಯಪತ್ರ, ವಿಭಾಗಪತ್ರ, ಭೂದಾಖಲೆ, ನ್ಯಾಯಾಲಯದ ತೀರ್ಪು ಇವೇ ಮುಖ್ಯ ಆಧಾರಗಳು. ಇವುಗಳನ್ನು ಬರೆದವರು ಬಳಕೆಯ ಪದಗಳನ್ನು ಒಂದೆರಡು ಅಕ್ಷರಗಳಿಗೆ ಇಳಿಸಿ, ಮುಂದೆ ಎರಡು ಗೆರೆ ಎಳೆಯುವುದು ರೂಢಿಯಾಗಿತ್ತು. ಆ ಅಕ್ಷರವನ್ನು ತಪ್ಪಾಗಿ ಓದಿದರೆ ವಂಶಾವಳಿಯಲ್ಲಿ ಒಂದು ತಲೆಮಾರೇ ಸ್ಥಾನ ತಪ್ಪುತ್ತದೆ.

ಮೊದಲು ನೋಡತಕ್ಕವು ಸಂಬಂಧಸೂಚಕಗಳು. ಮೈಸೂರು ಸೀಮೆಯ ಪತ್ರಗಳಲ್ಲಿ ‘ಬಿನ್’ ಎಂಬುದರ ಮುಂದಿನ ಹೆಸರು ತಂದೆಯದು. ‘ಕೋಂ’ ಎಂಬುದರ ಮುಂದಿನದು ಗಂಡನದು. ಈ ಭೇದವನ್ನರಿಯದವರು ಸೊಸೆಯನ್ನು ಮಗಳೆಂದು ಎಣಿಸುವರು. ‘ಯಾನೆ’, ‘ಉರ್ಫ್’ ಎಂಬವು ಒಬ್ಬ ವ್ಯಕ್ತಿಯ ಎರಡು ಹೆಸರುಗಳನ್ನು ಜೋಡಿಸುತ್ತವೆ. ಅವರು ಇಬ್ಬರು ಸಹೋದರರಲ್ಲ. ಮರಾಠಿ ಬಳಕೆಯ ಭೂದಾಖಲೆಗಳಲ್ಲಿ ಕಾಣುವ ‘ಅ.ಪಾ.ಕ.’ ಎಂದರೆ ಅಜ್ಞಾನ ಪಾಲನಕರ್ತ. ಇಲ್ಲಿ ಅಜ್ಞಾನನೆಂದರೆ ಪ್ರಾಯ ತುಂಬದವನು. ಅದರೊಡನೆ ಬರುವ ಪಾಲಕನ ಹೆಸರು ತಾಯಿಯದೋ ಚಿಕ್ಕಪ್ಪನದೋ ಆಗಿರಬಹುದು. ಅದನ್ನೇ ತಂದೆಯ ಹೆಸರೆಂದು ಭಾವಿಸಲಾಗದು.

ಗೌರವಸೂಚಕಗಳೂ ಬರಿಯ ಶಿಷ್ಟಾಚಾರವಲ್ಲ. ‘ಸೌ॥’ ಎಂದಿದ್ದರೆ ಪತ್ರವಾದ ದಿನ ಆ ಸ್ತ್ರೀಯ ಪತಿ ಜೀವಂತನಾಗಿದ್ದನೆಂದು ತಿಳಿಯಬಹುದು. ‘ಕೈ॥’ ಎಂದರೆ ಕೈಲಾಸವಾಸಿ, ‘ಲಿಂ॥’ ಎಂದರೆ ಲಿಂಗೈಕ್ಯ; ಆ ವ್ಯಕ್ತಿಯ ಮರಣ ಪತ್ರಕ್ಕಿಂತ ಹಿಂದಿನದು. ಮರಣದ ದಾಖಲೆ ದೊರೆಯದ ಮನೆತನಗಳಿಗೆ ಈ ಎರಡಕ್ಷರವೇ ಕಾಲನಿರ್ಣಯದ ಮೇರೆ.

ತಿಥಿಯ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ‘ಶು॥’ ಎಂಬುದು ಮಾಸದ ಹೆಸರಿನ ಮುಂದೆ ಬಂದರೆ ಶುದ್ಧ ಪಕ್ಷ, ತಿಥಿಯ ಅಂಕೆಯ ಮುಂದೆ ಬಂದರೆ ಶುಕ್ರವಾರ. ‘ಬ॥’ ಎಂದರೆ ಬಹುಳ. ‘ಸಂ॥’ ಎಂಬುದು ಸಂವತ್ಸರ. ಅದು 60 ವರ್ಷಗಳಿಗೊಮ್ಮೆ ಮರಳಿ ಬರುತ್ತದೆ. ಪಾರ್ಥಿವ ಸಂವತ್ಸರವು 1885-86ರಲ್ಲಿಯೂ 1945-46ರಲ್ಲಿಯೂ ಬಂದಿತ್ತು. ಶಕವರ್ಷವನ್ನಾಗಲಿ ಛಾಪಾ ಕಾಗದದ ಮುದ್ರೆಯನ್ನಾಗಲಿ ನೋಡದೆ ನಿರ್ಣಯಿಸಿದರೆ, ತಾತನ ಹೆಸರನ್ನೇ ಹೊತ್ತ ಮೊಮ್ಮಗನು ತಾತನ ಸ್ಥಾನದಲ್ಲಿ ನಿಲ್ಲುವನು.

ಆದುದರಿಂದ ಸಂಕ್ಷೇಪವನ್ನು ಅದು ನಿಂತ ಸ್ಥಾನದಿಂದ ಓದಬೇಕು. ಅದೇ ಬರಹಗಾರನು ಅದೇ ಪದವನ್ನು ಬೇರೆಡೆ ಪೂರ್ಣವಾಗಿ ಬರೆದಿದ್ದಾನೆಯೇ ಎಂದು ಹುಡುಕಬೇಕು. ಪ್ರತಿ ಮಾಡುವಾಗ ಮೂಲದ ಅಕ್ಷರವನ್ನು ಇದ್ದಂತೆಯೇ ಇಟ್ಟು, ತಮ್ಮ ಅರ್ಥವನ್ನು ಕಂಸದಲ್ಲಿ ಬರೆಯಬೇಕು. ಹಾಗಾದರೆ ಒಬ್ಬರ ಊಹೆ ಮುಂದಿನವರಿಗೆ ಪ್ರಮಾಣವಾಗದು. ಒಂದು ‘ಕೋಂ’ ಹಿಂದೆ ಉಳಿದಿರುವ ಹೆಣ್ಣುಮಗಳ ಹೆಸರೂ ಅಳಿಯದು.