ಜೀನೋಮ್ ವಿಜ್ಞಾನ ಮತ್ತು ನಿಖರ ವೈದ್ಯಕೀಯ: ವಿಶ್ವವಿದ್ಯಾಲಯ ವ್ಯಾಸಂಗದ ಮಾರ್ಗಗಳು

ಸಂಪಿಗೆ ಗ್ರಾಮ ಹಾಗೂ ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ವಿದ್ಯಾರ್ಥಿಗಳು ಮತ್ತು ಪೋಷಕರ ಮಾಹಿತಿಗಾಗಿ

ವಿಷಯ ಪರಿಚಯ

ಒಂದೇ ತೋಟದಲ್ಲಿ, ಒಂದೇ ನೀರು ಗೊಬ್ಬರ ಪಡೆದ ತೆಂಗಿನ ಮರಗಳು ಸಮನಾದ ಫಸಲು ಕೊಡುವುದಿಲ್ಲ. ಆದ್ದರಿಂದಲೇ ಬೆಳೆಗಾರರು ಉತ್ತಮ ತಾಯಿಮರವನ್ನು ಗುರುತಿಸಿ ಬಿತ್ತನೆ ಕಾಯಿ ಆರಿಸುತ್ತಾರೆ. ಮನುಷ್ಯರಲ್ಲಿಯೂ ಒಂದೇ ಔಷಧಿ ಒಬ್ಬರಿಗೆ ಗುಣ ನೀಡಿ ಮತ್ತೊಬ್ಬರಿಗೆ ತೊಂದರೆ ಉಂಟುಮಾಡಬಹುದು. ಇದಕ್ಕೆ ಒಂದು ಕಾರಣ ವಂಶವಾಹಿಗಳಲ್ಲಿನ ವ್ಯತ್ಯಾಸ. ಜೀವಕೋಶದ ಡಿಎನ್‌ಎಯಲ್ಲಿ ಅಡಕವಾಗಿರುವ ಸುಮಾರು 300 ಕೋಟಿ ಅಕ್ಷರಜೋಡಿಗಳ ಒಟ್ಟು ಮಾಹಿತಿಯೇ ಮಾನವ ಜೀನೋಮ್. ಈ ಮಾಹಿತಿ, ರೋಗಿಯ ಜೀವನಕ್ರಮ ಮತ್ತು ಪರಿಸರವನ್ನು ಪರಿಗಣಿಸಿ ಚಿಕಿತ್ಸೆ ನಿರ್ಧರಿಸುವ ಪದ್ಧತಿಗೆ ನಿಖರ ವೈದ್ಯಕೀಯ ಎನ್ನಲಾಗುತ್ತದೆ.

ನಾಡಿನ ನಿದರ್ಶನಗಳು

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದಲ್ಲಿ ಕೀಲು ಮತ್ತು ಮೂಳೆಗಳನ್ನು ಕುಂದಿಸುವ ಕಾಯಿಲೆಯೊಂದು ಬೆಳಕಿಗೆ ಬಂದಿತು. ಗದ್ದೆಯ ಏಡಿಗಳ ಮೂಲಕ ಕೀಟನಾಶಕ ದೇಹ ಸೇರಿರಬಹುದೆಂಬ ಶಂಕೆ ಮೊದಲಿಗೆ ಮೂಡಿತ್ತು. ಕುಟುಂಬಗಳ ವಂಶವೃಕ್ಷವನ್ನು ಪರಿಶೀಲಿಸಿದ ಅಧ್ಯಯನಗಳು ಇದು ಆನುವಂಶಿಕ ಕಾಯಿಲೆಯೆಂದು ತೋರಿಸಿದವು.

ಅರಿವಳಿಕೆ ಸಂದರ್ಭದಲ್ಲಿ ಸ್ನಾಯುಗಳನ್ನು ಸಡಿಲಿಸಲು ನೀಡುವ ಸಕ್ಸಿನೈಲ್‌ಕೋಲಿನ್ ಔಷಧಿಯ ಪರಿಣಾಮ ಸಾಮಾನ್ಯವಾಗಿ ಕೆಲವೇ ನಿಮಿಷ ಇರುತ್ತದೆ. ಅದನ್ನು ವಿಭಜಿಸುವ ಕಿಣ್ವದ ಕೊರತೆ ಇರುವವರಲ್ಲಿ ಇದು ಗಂಟೆಗಳವರೆಗೆ ಮುಂದುವರಿದು, ಕೃತಕ ಉಸಿರಾಟ ಅನಿವಾರ್ಯವಾಗುತ್ತದೆ. ದಕ್ಷಿಣ ಭಾರತದ ವೈಶ್ಯ ಸಮುದಾಯದ ಕೆಲವರಲ್ಲಿ ಈ ಕೊರತೆಗೆ ಕಾರಣವಾದ ವಂಶವಾಹಿ ಬದಲಾವಣೆಯನ್ನು 2006ರಲ್ಲಿ ಪ್ರಕಟವಾದ ಸಂಶೋಧನೆ ಗುರುತಿಸಿತು. ಶಸ್ತ್ರಚಿಕಿತ್ಸೆಗೆ ಮುನ್ನವೇ ಈ ಸಂಗತಿ ತಿಳಿದಿದ್ದರೆ ವೈದ್ಯರು ಬೇರೆ ಔಷಧಿ ಬಳಸಬಹುದು.

ಇಂತಹ ಮಾಹಿತಿಯನ್ನು ದೇಶದ ಮಟ್ಟದಲ್ಲಿ ಸಂಗ್ರಹಿಸಲು ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ 2020ರಲ್ಲಿ ಜೀನೋಮ್ ಇಂಡಿಯಾ ಯೋಜನೆಗೆ ಮಂಜೂರಾತಿ ನೀಡಿತು. ಇದರಲ್ಲಿ 20 ಸಂಸ್ಥೆಗಳು ಪಾಲ್ಗೊಂಡವು. ಸಮನ್ವಯದ ಹೊಣೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ವಹಿಸಿತು. ಸುಮಾರು 10,000 ಭಾರತೀಯರ ಜೀನೋಮ್ ಮಾಹಿತಿಯನ್ನು ಜನವರಿ 2025ರಲ್ಲಿ ಸಂಶೋಧಕರ ಬಳಕೆಗೆ ಬಿಡುಗಡೆ ಮಾಡಲಾಯಿತು.

ವ್ಯಾಸಂಗದ ಮೂರು ಮಾರ್ಗಗಳು

ವೈದ್ಯಕೀಯ ಸೀಟು ದೊರೆಯದಿದ್ದಲ್ಲಿ ಈ ಕ್ಷೇತ್ರ ಕೈತಪ್ಪಿತೆಂಬ ಭಾವನೆ ಅನೇಕ ಕುಟುಂಬಗಳಲ್ಲಿದೆ. ಇದು ಸರಿಯಲ್ಲ. ಕ್ಷೇತ್ರಕ್ಕೆ ಮೂರು ಪ್ರವೇಶದ್ವಾರಗಳಿವೆ.

1. ವೈದ್ಯಕೀಯ ಮಾರ್ಗ: ನೀಟ್ ಮೂಲಕ ಎಂಬಿಬಿಎಸ್, ನಂತರ ಸ್ನಾತಕೋತ್ತರ ವ್ಯಾಸಂಗ ಹಾಗೂ ವೈದ್ಯಕೀಯ ಆನುವಂಶಿಕತೆಯಲ್ಲಿ ವಿಶೇಷ ತರಬೇತಿ. ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೂ ಲಭ್ಯವಿದೆ. ರೋಗಿಗೆ ಚಿಕಿತ್ಸೆ ನೀಡುವ ಅಧಿಕಾರ ಈ ಮಾರ್ಗದವರಿಗೆ ಮಾತ್ರ ಇರುತ್ತದೆ.

2. ಜೀವವಿಜ್ಞಾನ ಮಾರ್ಗ: ತಿಪಟೂರಿನ ಕಲ್ಪತರು ವಿಜ್ಞಾನ ಕಾಲೇಜಿನಂತಹ ಸಮೀಪದ ಕಾಲೇಜಿನಲ್ಲಿಯೇ ಬಿ.ಎಸ್ಸಿ. ಪೂರೈಸಿ ಎಂ.ಎಸ್ಸಿ.ಗೆ ಮುಂದುವರಿಯಬಹುದು. ಮೈಸೂರು ವಿಶ್ವವಿದ್ಯಾಲಯದಲ್ಲಿ ಆನುವಂಶಿಕತೆ ಮತ್ತು ಜೀನೋಮಿಕ್ಸ್ ಅಧ್ಯಯನ ವಿಭಾಗವಿದೆ. ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವಿನ ಎಂ.ಎಸ್ಸಿ. ಕೋರ್ಸುಗಳಿಗೆ ಜಿಎಟಿ-ಬಿ ಪ್ರವೇಶ ಪರೀಕ್ಷೆ ನಡೆಸಲಾಗುತ್ತದೆ. ಪ್ರಯೋಗಾಲಯ, ಸಂಶೋಧನೆ ಮತ್ತು ಕುಟುಂಬಗಳಿಗೆ ಆನುವಂಶಿಕ ಸಮಾಲೋಚನೆ ನೀಡುವ ಕೆಲಸಗಳಿಗೆ ಇದು ದಾರಿಯಾಗುತ್ತದೆ.

3. ಗಣಕ ಮಾರ್ಗ: ಜೀನೋಮ್ ಮಾಹಿತಿಯ ವಿಶ್ಲೇಷಣೆಗೆ ಗಣಕ ಮತ್ತು ಸಂಖ್ಯಾಶಾಸ್ತ್ರ ಬಲ್ಲವರು ಬೇಕು. ಇಂಜಿನಿಯರಿಂಗ್, ಗಣಿತ ಅಥವಾ ಗಣಕ ವಿಜ್ಞಾನ ಓದಿದವರು ಬಯೋಇನ್ಫರ್ಮ್ಯಾಟಿಕ್ಸ್ ಕಡೆಗೆ ಬರಬಹುದು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿರುವ ಬಯೋಇನ್ಫರ್ಮ್ಯಾಟಿಕ್ಸ್ ಮತ್ತು ಅನ್ವಯಿಕ ಜೈವಿಕ ತಂತ್ರಜ್ಞಾನ ಸಂಸ್ಥೆ ಈ ವಿಷಯಕ್ಕೆ ಮೀಸಲಾಗಿದೆ.

ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮತ್ತು ಜೀವಶಾಸ್ತ್ರ ಓದಿದವರಿಗೆ ಮೂರೂ ಮಾರ್ಗಗಳು ತೆರೆದಿರುತ್ತವೆ. ಗಣಿತ ಅಥವಾ ಜೀವಶಾಸ್ತ್ರವನ್ನು ಕೈಬಿಡುವ ಮುನ್ನ ಈ ಅಂಶವನ್ನು ಪರಿಗಣಿಸುವುದು ಸೂಕ್ತ.

ಮೀಸಲಾತಿ ಮತ್ತು ದಾಖಲೆಗಳು

ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಂಚಿಕೆ ಮಾಡುವ ವೃತ್ತಿಪರ ಕೋರ್ಸುಗಳ ಸರ್ಕಾರಿ ಸೀಟುಗಳಲ್ಲಿ ಗ್ರಾಮೀಣ ವ್ಯಾಸಂಗಕ್ಕೆ ಶೇ. 15 ಹಾಗೂ ಕನ್ನಡ ಮಾಧ್ಯಮ ವ್ಯಾಸಂಗಕ್ಕೆ ಶೇ. 5 ಮೀಸಲಾತಿ ಇದೆ. ಎರಡಕ್ಕೂ 1ರಿಂದ 10ನೇ ತರಗತಿಯವರೆಗಿನ ವ್ಯಾಸಂಗವನ್ನು ಪರಿಗಣಿಸಲಾಗುತ್ತದೆ. ಅರ್ಜಿದಾರರು ಈ ದಾಖಲೆಗಳನ್ನು ಮುಂಚಿತವಾಗಿ ಸಿದ್ಧಪಡಿಸಿಕೊಳ್ಳತಕ್ಕದ್ದು:

- ಶಾಲಾ ಮುಖ್ಯೋಪಾಧ್ಯಾಯರು ನೀಡಿ, ಕ್ಷೇತ್ರ ಶಿಕ್ಷಣಾಧಿಕಾರಿಗಳು ಮೇಲುಸಹಿ ಮಾಡಿದ ವ್ಯಾಸಂಗ ಪ್ರಮಾಣಪತ್ರ. ಶಾಲೆ ಬದಲಿಸಿದವರು ಪ್ರತಿ ಶಾಲೆಯಿಂದಲೂ ಪಡೆಯಬೇಕು.
- ನಾಡಕಚೇರಿಯಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರ.
- ವಿದ್ಯಾರ್ಥಿವೇತನಕ್ಕಾಗಿ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ. ರಾಜ್ಯ ವಿದ್ಯಾರ್ಥಿವೇತನ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬೇಕು.

ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಆಧಾರ್‌ನಲ್ಲಿ ಹೆಸರು ಒಂದೇ ರೀತಿ ಇರುವುದನ್ನು ಖಚಿತಪಡಿಸಿಕೊಳ್ಳಬೇಕು.

ಪೋಷಕರ ಗಮನಕ್ಕೆ

ಕೋರ್ಸಿನ ಹೆಸರಿನಲ್ಲಿ ಜೀನೋಮಿಕ್ಸ್ ಎಂದಿದ್ದ ಮಾತ್ರಕ್ಕೆ ಅದಕ್ಕೆ ಮಾನ್ಯತೆ ಇದೆ ಎಂದು ಭಾವಿಸಬಾರದು. ಶುಲ್ಕ ಪಾವತಿಸುವ ಅಥವಾ ತೋಟದ ಮೇಲೆ ಸಾಲ ಪಡೆಯುವ ಮುನ್ನ, ಪದವಿ ನೀಡುವ ವಿಶ್ವವಿದ್ಯಾಲಯ ಯಾವುದು, ಅದು ವಿಶ್ವವಿದ್ಯಾಲಯ ಅನುದಾನ ಆಯೋಗದ ಪಟ್ಟಿಯಲ್ಲಿದೆಯೇ, ಪ್ರಯೋಗಾಲಯದ ಸೌಲಭ್ಯವಿದೆಯೇ ಎಂಬುದನ್ನು ಲಿಖಿತವಾಗಿ ತಿಳಿದುಕೊಳ್ಳುವುದು ಅವಶ್ಯಕ. ಪ್ರವೇಶ ನಿಯಮಗಳು ಪ್ರತಿ ವರ್ಷ ಬದಲಾಗಬಹುದಾದ್ದರಿಂದ ಆಯಾ ವರ್ಷದ ಅಧಿಸೂಚನೆಯನ್ನೇ ಅಂತಿಮವೆಂದು ಪರಿಗಣಿಸಲು ಕೋರಲಾಗಿದೆ.