ಟ್ರಾಕ್ಟರಿಗೆ ಹೆಚ್ಚಿನ ದೀಪ ಕಟ್ಟಿಸುವ ಮುಂಚೆ



ಕಾರ್ತಿ ಬೆಳೆಯ ಕೊಯ್ಲಿನ ಹೊತ್ತಿಗೆ ಆಕಾಶ ಕಪ್ಪಾಯಿತೆಂದರೆ ಹಗಲು ಸಾಲುವುದಿಲ್ಲ. ಬೈಲಿನಿಂದ ಸೂಡಿ ಅಂಗಳ ಸೇರುವಷ್ಟರಲ್ಲಿ ಕತ್ತಲು. ಹಾಗಾಗಿ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಟ್ರಾಕ್ಟರಿಗೆ ನಾಲ್ಕು ದೀಪ ಹೆಚ್ಚಿಗೆ ಕಟ್ಟಿಸಿಕೊಳ್ಳುವವರು ಇದ್ದಾರೆ. ಕಟ್ಟಿಸಿ, ಬೇಡ ಅನ್ನುವುದಿಲ್ಲ. ಆದರೆ ಮರುದಿನ ಬೆಳಿಗ್ಗೆ "ಹ್ವಾಯ್, ಬ್ಯಾಟ್ರಿ ಹೊಸ್ತೇ, ಆದ್ರೂ ಗಾಡಿ ಸ್ಟಾರ್ಟ್ ಆತಿಲ್ಲ" ಎನ್ನುವವರೂ ಅವರೇ.

ಬ್ಯಾಟರಿ ಎಂದರೆ ತೊಟ್ಟಿ ಇದ್ದ ಹಾಗೆ. ಅದಕ್ಕೆ ನೀರು ತುಂಬುವ ಪಂಪು ಆಲ್ಟರ್ನೇಟರ್, ಇಂಜಿನು ತಿರುಗಿದರೆ ಮಾತ್ರ ಅದು ಕೆಲಸ ಮಾಡುತ್ತದೆ. ತುಂಬಿದ ಬ್ಯಾಟರಿ ಸುಮ್ಮನಿದ್ದಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಇಂಜಿನು ಓಡುವಾಗ 14ರ ಆಸುಪಾಸು. ಇಂಜಿನು ಓಡುತ್ತಿದ್ದರೂ ಮುಳ್ಳು 12.5 ದಾಟದಿದ್ದರೆ ಬ್ಯಾಟರಿಯನ್ನು ಬೈಯಬೇಡಿ, ಆಲ್ಟರ್ನೇಟರಿನ ಬೆಲ್ಟು, ತಂತಿ ಮೊದಲು ಕಾಣಿ.

ಇನ್ನು ಲೆಕ್ಕ. ದೀಪದ ವ್ಯಾಟನ್ನು 12ರಿಂದ ಭಾಗಿಸಿದರೆ ಎಷ್ಟು ಆಂಪಿಯರ್ ಎಳೆಯುತ್ತದೆಂದು ಬರುತ್ತದೆ. 55 ವ್ಯಾಟಿನ ಹಳೇ ಬಗೆಯ ಹ್ಯಾಲೋಜನ್ ದೀಪ ನಾಲ್ಕು ಹಾಕಿದರೆ 220 ವ್ಯಾಟ್, ಅಂದರೆ 18 ಆಂಪಿಯರ್. 18 ವ್ಯಾಟಿನ ಎಲ್‌ಇಡಿ ನಾಲ್ಕಾದರೆ ಬರೀ 6 ಆಂಪಿಯರ್. ನಿಮ್ಮ ಆಲ್ಟರ್ನೇಟರ್ 36 ಆಂಪಿಯರಿನದೆಂದು ಇಟ್ಟುಕೊಳ್ಳಿ; ಗಾಡಿಯ ಸ್ವಂತ ದೀಪಗಳಿಗೇ 12 ಹೋಯಿತು. ಉಳಿದದ್ದರಲ್ಲಿ ಬ್ಯಾಟರಿಯೂ ತುಂಬಬೇಕು. ಅಲ್ಲದೆ ಇಂಜಿನು ನಿಧಾನಕ್ಕೆ ತಿರುಗುವಾಗ 36 ಬರುವುದೇ ಇಲ್ಲ. ಎಲ್‌ಇಡಿ ಲೇಸು ಎನ್ನಲು ಇಷ್ಟು ಸಾಕು.

ಇಂಜಿನು ನಿಲ್ಲಿಸಿ ದೀಪ ಉರಿಸಿದರೆ? ಹ್ಯಾಲೋಜನ್ ಎರಡೇ ಆದರೂ 9 ಆಂಪಿಯರ್. 75 ಆಂಪಿಯರ್-ಗಂಟೆಯ ಬ್ಯಾಟರಿ 4 ಗಂಟೆಯಲ್ಲಿ ಅರ್ಧ ಖಾಲಿ. ಸೀಸದ ಬ್ಯಾಟರಿಯನ್ನು ಪದೇಪದೇ ಅರ್ಧಕ್ಕಿಂತ ಕೆಳಗಿಳಿಸಿದರೆ ಆಯುಸ್ಸು ಹೋಗುತ್ತದೆ.

ತಂತಿಯಲ್ಲಿ ಹಣ ಉಳಿಸಬೇಡಿ. 5 ಮೀಟರ್ ದೂರದ ದೀಪಕ್ಕೆ ಹೋಗಿ ಬರುವ ತಂತಿ 10 ಮೀಟರ್. 1 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ 9 ಆಂಪಿಯರ್ ಹರಿದರೆ ಒಂದೂವರೆ ವೋಲ್ಟ್ ದಾರಿಯಲ್ಲೇ ಸೋರಿ, ದೀಪ ಮಂಕಾಗುತ್ತದೆ, ತಂತಿ ಬಿಸಿಯಾಗುತ್ತದೆ. ಎರಡೂವರೆ ಚದರ ಮಿಲಿಮೀಟರಿನದು ಹಾಕಿಸಿ.

ಫ್ಯೂಸಿನ ವಿಷಯಕ್ಕೆ ಬಂದರೆ ನನಗೆ ಒಂದು ಸಂಜೆ ನೆನಪಾಗುತ್ತದೆ. ಬೈಂದೂರಿನ ಒಳಹಳ್ಳಿಯಲ್ಲಿ ಹುಲ್ಲು ತುಂಬಿದ ಟ್ರೇಲರಿನ ಅಡಿಯಿಂದ ಹೊಗೆ ಎದ್ದಿತು. ಸುಟ್ಟ ಫ್ಯೂಸಿನ ಜಾಗಕ್ಕೆ ಯಾರೋ ತಾಮ್ರದ ಎಳೆ ಸುತ್ತಿದ್ದರು. ಸವೆದ ತಂತಿ ಕಬ್ಬಿಣಕ್ಕೆ ತಾಗಿದಾಗ ಕಡಿಯುವವರೇ ಇಲ್ಲ. ಚಾಲಕ ಬ್ಯಾಟರಿಯ ತಂತಿ ಕಿತ್ತೆಸೆದದ್ದರಿಂದ ಹುಲ್ಲೂ ಉಳಿಯಿತು, ಗಾಡಿಯೂ ಉಳಿಯಿತು. ಫ್ಯೂಸು ಇರುವುದು ದೀಪವನ್ನಲ್ಲ, ತಂತಿಯನ್ನು ಕಾಯಲಿಕ್ಕೆ. ಆದ್ದರಿಂದ ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣಿನೊಳಗೇ ಇರಬೇಕು. 6 ಆಂಪಿಯರಿಗೆ 10ರದು ಸರಿ, 30ರದಲ್ಲ.

ದೀಪದ ಭಾರವನ್ನು ಸ್ವಿಚ್ಚಿನ ಮೇಲೆ ಹೊರಿಸದೆ ರಿಲೇ ಹಾಕಿಸಿ. ಅದರ ಕಾಲಿನ ಮೇಲೆ ನಂಬರು ಇರುತ್ತದೆ: 30ಕ್ಕೆ ಫ್ಯೂಸಿನಿಂದ ಬಂದ ದಪ್ಪ ತಂತಿ, 87ರಿಂದ ದೀಪಕ್ಕೆ, 86ಕ್ಕೆ ಸ್ವಿಚ್ಚಿನ ಸಣ್ಣ ತಂತಿ, 85 ಅರ್ತಿಗೆ. ಆ ಸಣ್ಣ ತಂತಿಗೆ ಕರೆಂಟನ್ನು ಕೀಲಿಯ ಕಡೆಯಿಂದ ಕೊಡಿ. ಕೀಲಿ ತೆಗೆದರೆ ದೀಪವೂ ಆರುತ್ತದೆ, ಮರೆತು ಮಲಗಿದರೂ ಬ್ಯಾಟರಿ ಉಳಿಯುತ್ತದೆ. ಮೊಬೈಲು ಚಾರ್ಜು ಮಾಡಲು 12 ವೋಲ್ಟನ್ನು 5ಕ್ಕೆ ಇಳಿಸುವ ಸಾಕೆಟ್ಟೇ ಬೇಕು, ನೇರ ಕೊಟ್ಟರೆ ಫೋನು ಹೋಯಿತು. ಗದ್ದೆಯ ದೀಪ ಉರಿಸಿಕೊಂಡು ಹೆದ್ದಾರಿ 66ಕ್ಕೆ ಹತ್ತಬೇಡಿ, ಎದುರಿಗೆ ಬರುವವನಿಗೆ ಕಣ್ಣು ಕಾಣುವುದಿಲ್ಲ.

ನಮ್ಮದು ಉಪ್ಪುಗಾಳಿಯ ಊರು. ಮರವಂತೆಯ ಆಚೀಚೆ ಇರುವವರಿಗೆ ಹೇಳಬೇಕಾಗಿಲ್ಲ, ಟರ್ಮಿನಲ್ಲಿನಲ್ಲಿ ಹಸಿರು-ಬಿಳಿ ಪುಡಿ ಬೆಳೆಯುತ್ತಲೇ ಇರುತ್ತದೆ. ಮೊದಲು ಮೈನಸ್ ತಂತಿ, ಆಮೇಲೆ ಪ್ಲಸ್ ತೆಗೆದು, ಅಡುಗೆ ಸೋಡಾ ಕದಡಿದ ಬಿಸಿನೀರಿನಿಂದ ತೊಳೆದು, ಒಣಗಿಸಿ, ಬಿಗಿಮಾಡಿ, ಮೇಲೆ ವ್ಯಾಸಲೀನು ಸವರಿ. ಸೋಡಾನೀರು ಬ್ಯಾಟರಿಯ ಒಳಗೆ ಹೋಗದ ಹಾಗೆ ಮುಚ್ಚಳ ಬಿಗಿಯಾಗಿರಲಿ. ಜೋಡಿಸುವಾಗ ಪ್ಲಸ್ ಮೊದಲು, ಮೈನಸ್ ಕಡೆಗೆ.